ಶಂಕ್ರಪ್ಪನ ಗ್ವಾದಲಿ

ಮಧ್ಯಾಹ್ನ ಮೂರು ಗಂಟೆಗೆ ಗುಡಗೇರಿ ಸ್ಟೇಷನ್ನಿನ ಆಚೆ ಆಕಾಶ ಕಪ್ಪಾಯಿತು. ೧೯೮೪ರ ಮೇ ತಿಂಗಳು. ಹಿಂದಿನ ದಿನದ ಗಾಳಿ ಪಕ್ಕದ ಊರಿನ ಬೇವಿನ ಮರಗಳನ್ನು ಬುಡಸಮೇತ ಕೆಡವಿತ್ತು.

ಟಾಂಗಾ ಹೊಡೆಯುವ ಅಕ್ಬರಸಾಬ ಕೆಲವು ವಾರಗಳಿಂದ ಗಾಡಿ ಹೂಡಿರಲಿಲ್ಲ. ಅವನ ಕುದುರೆ ತುಂಬು ಗಬ್ಬವಾಗಿತ್ತು; ಬೆಳಗ್ಗೆಯಿಂದ ಮೇವು ಮುಟ್ಟಿರಲಿಲ್ಲ. ಅದಕ್ಕೆ ವಯಸ್ಸಾಗಿತ್ತು. ಮರಿ ಉಳಿದರೆ ಮಾತ್ರ ಮುಂದೆ ಟಾಂಗಾ ಓಡುತ್ತಿತ್ತು.

ಅವನು ಏಣಿ ಹತ್ತಿ ಲಾಯದ ತಗಡುಗಳ ಮೇಲೆ ಕಲ್ಲು ಹೇರುತ್ತಿದ್ದ. ಹೆಂಡತಿ ರಜಿಯಾಬಿ ಕೆಳಗಿನಿಂದ ಎತ್ತಿ ಕೊಡುತ್ತಿದ್ದಳು. ಮನೆಯ ಮಣ್ಣಿನ ಮಾಳಿಗೆಯ ಬೆಳಕಿಂಡಿ ಮುಚ್ಚಿಯಾಗಿತ್ತು. ಟಾಂಗಾದ ಗಾಲಿಗಳನ್ನು ಗೂಟಕ್ಕೆ ಬಿಗಿದಾಗಿತ್ತು.

ಬಾಜೂ ಮನೆಯ ಶಂಕ್ರಪ್ಪ ಗೋಡೆಯ ಆಚೆಯಿಂದ ಕೂಗಿದ.

"ಆ ತಗಡ ನಿಲ್ಲೂದಿಲ್ಲೋ ಅಕ್ಬರ. ಕುದುರಿ ಈ ಕಡೆ ಹಿಡಕೊಂಡ ಬಾ. ಕಲ್ಲಿನ ಗ್ವಾಡಿ ಐತಿ. ಒಂದ ಗ್ವಾದಲಿ ಖಾಲಿ ಮಾಡೇನಿ."

"ನಿಮ್ಮ ಎತ್ತಿಗೆ ಇಕ್ಕಟ್ಟ ಆಗ್ತೈತ್ರಿ ಕಾಕಾ."

"ಎತ್ತ ಏನ ತಕರಾರ ಮಾಡ್ತಾವ? ಬಾರೋ."

ಗ್ವಾದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಗಬ್ಬದ ದನ ಯಾರ ಗ್ವಾದಲಿಯ ಮುಂದೆ ಈಯುತ್ತದೋ ಅವರಿಗೆ ಕರುವಿನಲ್ಲಿ ಅರ್ಧ ಪಾಲು ಎಂಬುದು ಆ ಓಣಿಯ ರೂಢಿ. ಹಿಂದಿನ ಮಳೆಗಾಲದಲ್ಲಿ ಶಂಕ್ರಪ್ಪ ಅದೇ ಓಣಿಯ ಫಕೀರವ್ವನ ಎಮ್ಮೆಯನ್ನೂ ಹೀಗೆಯೇ ಕರೆದು ಕಟ್ಟಿಸಿಕೊಂಡಿದ್ದ. ಅದು ಅಲ್ಲಿಯೇ ಈದಿತ್ತು. ಪಾಲನ್ನು ಅವನು ಕೇಳಿ ಪಡೆದನೋ, ಹಿರಿಯರೇ ಕೊಡಿಸಿದರೋ, ಓಣಿಯಲ್ಲಿ ಎರಡು ಮಾತಿದ್ದವು. ರೂಢಿ ಕುದುರೆಗೂ ಸಲ್ಲುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಓಣಿಯಲ್ಲಿ ಬೇರೆ ಕುದುರೆ ಇರಲಿಲ್ಲ.

"ಒಂದ ದಿನಾ ಒಂದ ಕಲ್ಲ ಎತ್ತಿ ಕೊಡಲಿಲ್ಲ," ಎಂದು ರಜಿಯಾಬಿ ತಗ್ಗಿದ ದನಿಯಲ್ಲಿ ಹೇಳಿದಳು. "ಇವತ್ತ ಮಳಿ ನೋಡಿ ಕರದಾನೋ, ಹೊಟ್ಟಿ ನೋಡಿ ಕರದಾನೋ?"

"ಕಲ್ಲಿನ ಗ್ವಾಡಿ ಅಂತೂ ಖರೇ."

"ಅರ್ಧಾ ಮರಿ ಅವಗ ಕೊಟ್ಟ ಮ್ಯಾಲ ಟಾಂಗಾಕ್ಕ ಅರ್ಧಾ ಕುದುರಿ ಕಟ್ಟತೀರೇನ?"

ಅಷ್ಟರಲ್ಲಿ ಗಾಳಿ ಕಲ್ಲಿನ ಸಮೇತ ತಗಡಿನ ಒಂದು ಮೂಲೆ ಎತ್ತಿತು. ಅಕ್ಬರಸಾಬ ಏಣಿ ಇಳಿದ. ಇಬ್ಬರೂ ಟ್ರಂಕು, ಹಾಸಿಗೆ, ಜೋಳದ ಚೀಲ ಹೊರಗೆ ತಂದು ಟಾಂಗಾದಲ್ಲಿ ತುಂಬಿ ತಾಡಪತ್ರಿ ಬಿಗಿದರು. ಒಲೆ ಆರಿಸಿದರು. ಆಮೇಲೆ ಕುದುರೆಯ ತಲೆ ಬಗ್ಗಿಸಿ ಮನೆಯೊಳಗೆ ನಡೆಸಿದರು. ಅದರ ಹೊಟ್ಟೆ ಬಾಗಿಲ ಚೌಕಟ್ಟಿಗೆ ಉಜ್ಜಿತು.

"ಸಾಮಾನ ಹೊರಗ, ಕುದುರಿ ಒಳಗ! ಚಲೋ ಸಂಸಾರ ಐತಲೋ!" ಎಂದು ಶಂಕ್ರಪ್ಪ ನಕ್ಕ.

"ಮೂವರೂ ಹಿಡಸ್ತೀವ್ರಿ ಕಾಕಾ."

"ನಾಲ್ಕ ಮಂದಿ ಅನ್ನು. ಇವತ್ತ ಆಗ್ತೀರಿ."

ಅವನ ನಗೆ ನಿಂತಿತ್ತು. ಕಣ್ಣು ಕುದುರೆಯ ಹೊಟ್ಟೆಯ ಮೇಲಿತ್ತು. ರಜಿಯಾಬಿ ಬಾಗಿಲು ಹಾಕಿ ಅಗಳಿ ಜಡಿದಳು.

ಮೊದಲ ಹನಿಗಳ ಹಿಂದೆಯೇ ಆಣೆಕಲ್ಲು ಬಿದ್ದವು. ಲಾಯದ ತಗಡುಗಳು ಒಂದೊಂದಾಗಿ ಹಾರಿದ ಸದ್ದು ಒಳಗೆ ಕೇಳಿಸಿತು. ಮಾಳಿಗೆ ಸೋರಿತು, ಬೀಳಲಿಲ್ಲ. ಮಳೆ ನಿಲ್ಲುವ ಮೊದಲೇ ಕುದುರೆ ಒಲೆಯ ಪಕ್ಕ ಮಲಗಿ ಮರಿ ಹಾಕಿತು. ಹೆಣ್ಣು ಮರಿ. ಅದು ತಾನಾಗಿ ಎದ್ದು ಮೊಲೆ ಹುಡುಕಿತು.

ಮಳೆ ನಿಂತ ಮೇಲೆ ಅಕ್ಬರಸಾಬ ಗೋಡೆಯಾಚೆ ಇಣುಕಿದ. ಶಂಕ್ರಪ್ಪನ ಕೊಟ್ಟಿಗೆಯ ಒಂದು ಹೆಂಚೂ ಕದಲಿರಲಿಲ್ಲ. ಖಾಲಿ ಗ್ವಾದಲಿಯ ಮುಂದೆ ಒಣ ಹುಲ್ಲು ದಪ್ಪಗೆ ಹಾಸಿತ್ತು.

ಮರುದಿನ ಬೆಳಗ್ಗೆ ಶಂಕ್ರಪ್ಪ ತನ್ನ ಹಿತ್ತಲಿಗೆ ಹಾರಿ ಬಂದಿದ್ದ ತಗಡುಗಳನ್ನು ತಾನೇ ಹೊತ್ತು ತಂದು ಅಂಗಳದಲ್ಲಿ ಇಳಿಸಿದ. ಅಕ್ಬರಸಾಬ ಅವನ ಎದುರಿಗೇ ಅವನ್ನು ಎಣಿಸಿ ತೆಗೆದುಕೊಂಡ.