ಹೆಸರುಗಳು ಏರುವ ವೇಗ

ಕಮಲಾಪುರದ ಕಸ್ತೂರಿಬಾಯಿ ನನ್ನನ್ನು ಕೇಳಿದ್ದು ಒಂದೇ. ಅವರ ತೋಟದ ಕೆಂಪು ಬಾಳೆಯ ಬಗ್ಗೆ ನಾನು ಮಾಡಿದ ಚಿಕ್ಕ ಚಿತ್ರದ ಕೊನೆಯಲ್ಲಿ ಅವರ ಹೆಸರು ಬರಬೇಕು. ಅದನ್ನು ಅವರೇ, ಯಾರೂ ಹೇಳಿಕೊಡದೆ, ಓದಬೇಕು. ಅರವತ್ತು ದಾಟಿದ ಮೇಲೆ ಸೊಸೆ ಅಂಜನಾ ಅವರಿಗೆ ಅಕ್ಷರ ಕಲಿಸಿದ್ದಳು. ಕಾಗದದ ಮೇಲಿನ ಅಕ್ಷರ ನಿಂತಿರುತ್ತದೆ. ತೆರೆಯ ಮೇಲಿನದು ನಡೆಯುತ್ತದೆ.

ಚಿತ್ರ ಮಾಡುವಷ್ಟು ದಿನವೂ ನಾನು ಉಂಡದ್ದು ಅವರ ಮನೆಯಲ್ಲೇ. ಬೆಳಕು ಸರಿಬರಲಿಲ್ಲವೆಂದು ಅದೇ ಗೊನೆ ಹೊತ್ತು ಮತ್ತೆ ನಡೆಯಿರಿ ಎಂದರೆ, ಬೇಸರಿಸದೆ ಮತ್ತೆ ನಡೆದವರು. ಅವರ ಈ ಒಂದು ಆಸೆಯನ್ನು ಹೇಗಾದರೂ ನಡೆಸಿಕೊಡಬೇಕಿತ್ತು.

ಗಾಜಿಪುರದ ಶಬ್ಬೀರ್ ಭಾಯಿಯದು ಮದುವೆ ವಿಡಿಯೋಗಳ ಅಂಗಡಿ. ನನಗೆ ಎಡಿಟಿಂಗ್ ಕಲಿಸಿದವರು ಅವರೇ. ಕೊನೆಯ ಹೆಸರುಗಳನ್ನು ಹಚ್ಚಲು ಅಲ್ಲಿಗೇ ಹೋದೆ. ಹೆಸರುಗಳನ್ನೆಲ್ಲ ಒಂದೇ ಉದ್ದನೆಯ ಬರಹವಾಗಿ ಟೈಪ್ ಮಾಡಬೇಕು. ಅದನ್ನು ಚೌಕಟ್ಟಿನ ಕೆಳಗೆ ಇಳಿಸಿ ಒಂದು ಗುರುತು, ಮೇಲೆ ಪೂರಾ ದಾಟಿಸಿ ಇನ್ನೊಂದು ಗುರುತು. ನಡುವಿನ ದಾರಿ ಸಾಫ್ಟ್‌ವೇರ್ ತಾನೇ ನಡೆಸುತ್ತದೆ. ಟೈಮ್‌ಲೈನಿನ ಮೇಲೆ ಆ ಬರಹದ ಪಟ್ಟಿಯನ್ನು ಎಳೆದು ಉದ್ದ ಮಾಡಿದಷ್ಟೂ ಹೆಸರುಗಳು ನಿಧಾನವಾಗಿ ಏರುತ್ತವೆ.

"ಇಷ್ಟ್ ಉದ್ದ ಎಳದೀಯಲ್ಲ ಮೃದುಲಾ, ಹುಮನಾಬಾದ್ ತನಕ ಒಯ್ಯಾಕತ್ತೀಯೇನು?" ಎಂದರು ಶಬ್ಬೀರ್ ಭಾಯಿ.

"ಕಸ್ತೂರಿಬಾಯಿ ಓದಬೇಕ್ರೀ ಭಾಯಿ."

"ಹೆಸರು ಸುರು ಆದ್ ಕೂಡ್ಲೆ ಜನ ಚಪ್ಪಲಿ ಹುಡಕ್ತಾರ ನೋಡು."

ನಕ್ಕರು, ಆದರೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ನಮ್ಮ ಮನೆಯ ಹಿರಿಯರು ಪದ್ಯ ಹೇಳುವಾಗ ಸಾಲಿಗೊಂದು ಉಸಿರು. ಅದೇ ಅಳತೆಯಲ್ಲಿ ನಾನು ಒಂದೊಂದು ಹೆಸರನ್ನು ಮೆಲ್ಲಗೆ ಹೇಳುತ್ತಾ ಹೋದೆ. ಅವರು ಮೌಸ್ ಹಿಡಿದು ಪಟ್ಟಿಯನ್ನು ಹಿಗ್ಗಿಸುತ್ತಾ, ಕುಗ್ಗಿಸುತ್ತಾ ಬಂದರು. ನನ್ನ ದನಿಯೂ ತೆರೆಯ ಸಾಲೂ ಕೂಡಿ ನಡೆದಾಗ "ಬಸ್, ಸಾಕು" ಎಂದರು. ಹೆಸರುಗಳೆಲ್ಲದರ ಮೇಲೆ, ರೂಢಿಯಂತೆ, 'ಶ್ರೀ ಶರಣಬಸವೇಶ್ವರ ಪ್ರಸನ್ನ' ಎಂದು ಬರೆದೆ. ಹಿನ್ನೆಲೆಗೆ ತಂಬೂರಿಯ ಶ್ರುತಿ ಸೇರಿಸಿದೆ.

ಭಾನುವಾರ ಮಧ್ಯಾಹ್ನ ಕಮಲಾಪುರದ ಅವರ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ವಾಯರ್ ಟಿವಿಗೆ ಸಿಕ್ಕಿಸಿದೆ. ಓಣಿಯವರೆಲ್ಲ ಬಂದು ಕೂತಿದ್ದರು. ಚಿತ್ರ ಮುಗಿಯಿತು. ಶ್ರುತಿ ಎದ್ದಿತು, ದೇವರ ಹೆಸರು ಕೆಳಗಿನಿಂದ ಏರಿತು. ಕೂತವರೆಲ್ಲ ಕೈ ಮುಗಿದರು. ಕಣ್ಣು ಮುಚ್ಚಿದರು. ಕಸ್ತೂರಿಬಾಯಿಯೂ ಮುಚ್ಚಿದರು. ಅಷ್ಟು ಸಾವಕಾಶ ಮಾಡಿಟ್ಟ ಹೆಸರುಗಳು, ಮುಚ್ಚಿದ ಕಣ್ಣುಗಳ ಮುಂದೆ ಒಂದೊಂದಾಗಿ ಏರಿಹೋದವು. ಕೈ ಮುಗಿದು ಕೂತವರನ್ನು ಎಬ್ಬಿಸುವುದು ನನ್ನಿಂದ ಆಗಲಿಲ್ಲ.

ಶ್ರುತಿ ನಿಂತಿತು. ಕಣ್ಣು ತೆರೆದರೆ ತೆರೆ ಕಪ್ಪು.

"ಮುಗೀತೇನವ್ವಾ?" ಎಂದರು ಕಸ್ತೂರಿಬಾಯಿ.

"ಮುಗೀತ್ರೀ."

"ಮತ್ತ ನನ್ನ ಹೆಸರು?"

"ಬಂದು ಹೋತ್ರೀ. ನೀವು ಕೈ ಮುಗದಿದ್ರಿ."

ಮಗ ನೀಲಕಂಠ ಕಿಸಕ್ಕನೆ ನಕ್ಕ. "ಎವ್ವಾ, ಹೆಸರು ಬಾಗಲಕ ಬಂದು ನಿಂತಿತ್ತು, ನೀನೇ ಒಳಗ ಕರೀಲಿಲ್ಲ."

"ದೇವರು ಬಂದಾಗ ಕಣ್ಣು ಬಿಟ್ಕೊಂಡು ಕೂಡಾಕ ನಾ ಏನ್ ನಿನ್ನಂಗೇನೋ?" ಎಂದರು. ಆದರೆ ಮುಖ ಬಾಡಿತ್ತು.

ತಪ್ಪು ನನ್ನದು. ಅಲ್ಲೇ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಶ್ರುತಿ ತೆಗೆದೆ. ದೇವರ ಸಾಲನ್ನು ಎತ್ತಿ ಎಲ್ಲಕ್ಕೂ ಕೆಳಗೆ ಕೂರಿಸಿದೆ.

ಬಗ್ಗಿ ನೋಡುತ್ತಿದ್ದ ಅಂಜನಾ ಕೇಳಿದಳು: "ದೇವರನ್ನ ಕೆಳಗ ಇಡ್ತೀರೇನ್ರೀ?"

"ಕೆಳಗ ಅಲ್ರೀ, ಕಡೀಕ. ಮಂಗಳಾರತಿನೂ ಕಡೀಕೇ ಅಲ್ಲೇನ್ರೀ?"

"ಇರ್ಲಿ ಬಿಡವ್ವಾ," ಎಂದರು ಕಸ್ತೂರಿಬಾಯಿ. "ಶರಣಬಸವಪ್ಪಗೇನು ಅವಸರ ಇಲ್ಲ."

ಮತ್ತೆ ಹಚ್ಚಿದೆ. ಈ ಸಲ ಸದ್ದಿಲ್ಲದೆ ಹೆಸರುಗಳು ಬಂದವು. ಕಸ್ತೂರಿಬಾಯಿ ಟಿವಿಯ ಹತ್ತಿರ ಸರಿದು ಕೂತರು.

"ಕ…" ಎಂದರು. ಒತ್ತಕ್ಷರ ತಡೆಯಿತು. ಸಾಲು ತೆರೆಯ ನಡುವಿಗೆ ಬಂದಿತು. ಅಂಜನಾಳ ತುಟಿ ಅಲುಗಿತು. ಹೇಳಿಕೊಡುವುದಿಲ್ಲವೆಂದು ಅತ್ತೆಗೆ ಮಾತು ಕೊಟ್ಟದ್ದು ನೆನಪಾಗಿ ಸೆರಗು ಬಾಯಿಗೆ ಹಿಡಿದಳು.

"ಸ್ತೂ… ರಿ… ಬಾ… ಯಿ."

ಸಾಲು ಮೇಲಿನ ಅಂಚು ಮುಟ್ಟುತ್ತಿತ್ತು. "ಕಸ್ತೂರಿಬಾಯಿ," ಎಂದು ಒಂದೇ ಉಸಿರಿಗೆ ಹೇಳಿದರು, ಯಾರನ್ನೋ ಗುರುತು ಹಿಡಿದವರ ಹಾಗೆ. ಉಸಿರಿನ ಅಳತೆ ಕೊಟ್ಟ ನಮ್ಮ ಮನೆಯ ಹಿರಿಯರಿಗೆ, ಪಟ್ಟಿ ಎಳೆದ ಶಬ್ಬೀರ್ ಭಾಯಿಗೆ, ನಾನು ಕೂತಲ್ಲೇ ಕೈ ಮುಗಿದೆ.

ಕಸ್ತೂರಿಬಾಯಿ ಅಲ್ಲಿಗೆ ನಿಲ್ಲಲಿಲ್ಲ. ಕೆಳಗಿನ ಸಾಲಿಗೆ ಇಳಿದರು.

"ಅಂ… ಜ… ನಾ."

ಹಿಂದೆ ಕೂತ ಸೊಸೆಯ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಮುಂದಿನ ಹೆಸರು ತಪ್ಪುತ್ತಿತ್ತು.