ಎಲೆ ಹಂಚದವನು

ಕೊನೆಯ ಗುಂಡಿಗೆ ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿಯಲು ಬಗ್ಗಿದಾಗ ಅಂಗಳದಿಂದ ಆ ಮಾತು ಕೇಳಿಸಿತು.

"ನಾನು ಹೆಗಲು ಕೊಡಲ್ಲ. ಬಂದಿದ್ದೀನಿ, ಮುಖ ನೋಡಿದ್ದೀನಿ, ಅಷ್ಟೇ. ಹನ್ನೊಂದು ವರ್ಷ ನನ್ನ ಅಂಗಡೀಲೇ ಕೂತು ನನಗೇ ಟೋಪಿ ಹಾಕಿದವನನ್ನ ಹೊತ್ಕೊಂಡು ಹೋಗೋಕೆ ನನಗೇನು ತಲೆ ಕೆಟ್ಟಿದೆಯಾ?"

ದಾರ ಅವಳ ಹಲ್ಲಿನ ನಡುವೆಯೇ ಉಳಿಯಿತು. ಮಡಿಲಲ್ಲಿದ್ದದ್ದು ಅಪ್ಪನ ಬಿಳಿ ಅಂಗಿ. ಅಷ್ಟು ಜನಕ್ಕೆ ಅಂಗಿ ಹೊಲಿದುಕೊಟ್ಟ ದರ್ಜಿಯ ಪೆಟ್ಟಿಗೆಯಲ್ಲಿ, ಎಲ್ಲ ಗುಂಡಿಗಳೂ ನೆಟ್ಟಗಿದ್ದ ಅಂಗಿ ಒಂದೂ ಸಿಕ್ಕಿರಲಿಲ್ಲ.

ದನಿ ಯಾರದೆಂದು ಎದ್ದು ನೋಡಬೇಕಾಗಿರಲಿಲ್ಲ. ಗಡಿಯಾರ ರಿಪೇರಿಯವನದು. ಅಪ್ಪನ ಜೊತೆ ಪ್ರತಿ ಭಾನುವಾರ ಮಧ್ಯಾಹ್ನ ಇಸ್ಪೀಟು ಆಡುತ್ತಿದ್ದವರು ಮೂವರು. ಗಡಿಯಾರದವನಿಗೆ ‘ಸೆಕೆಂಡು’ ಎಂದು ಹೆಸರು, ರಿಟೈರಾದ ಪೋಸ್ಟ್‌ಮ್ಯಾನಿಗೆ ‘ಸ್ಟಾಂಪು’, ಬಸ್ ಡ್ರೈವರಿಗೆ ‘ಬ್ರೇಕು’. ಕೊರಳಲ್ಲಿ ಸದಾ ಅಳತೆಪಟ್ಟಿ ನೇತಾಡುತ್ತಿದ್ದ ಅಪ್ಪ ‘ಟೇಪು’. ಗಡಿಯಾರದಂಗಡಿಯ ಹಿಂದಿನ ಕೋಣೆಯಲ್ಲಿ ಆಟ. ಸೋತ ಜೋಡಿ ನಾಲ್ಕೂ ಜನರ ಚಹಾದ ಲೋಟ ತೊಳೆಯಬೇಕು, ಅದೊಂದೇ ಪಣ.

ನಾಲ್ಕು ವಾರದ ಹಿಂದೆ ಆ ಆಟ ನಿಂತುಹೋಗಿತ್ತು. ಬ್ರೇಕು ಎಲೆಗಳ ಮೇಲೆ ಚಹಾ ಚೆಲ್ಲಿದ್ದ. ಸೆಕೆಂಡು ಅವನ್ನು ಒರೆಸಿ ಒಣಗಲೆಂದು ಕಿಟಕಿಯ ಸರಳಿಗೆ ಒರಗಿಸಿಟ್ಟಾಗ, ಒಂದೊಂದು ಎಲೆಯ ಅಂಚಿನಿಂದಲೂ ಬಿಸಿಲಿನ ಸಣ್ಣ ಸಣ್ಣ ಚುಕ್ಕೆಗಳು ಒಳಗೆ ಬಿದ್ದಿದ್ದವು. ಸೂಜಿಯ ತೂತುಗಳು. ಎಲೆಯ ಕಟ್ಟು ಯಾವಾಗಲೂ ತರುತ್ತಿದ್ದದ್ದು ಅಪ್ಪನೇ.

ಅತ್ತೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತಾ ಬಂದಳು. ಅಪ್ಪನ ತಂಗಿ, ಬೆಳಗಿನಿಂದ ಮನೆ ಹೊತ್ತು ನಿಂತವಳು.

"ವ್ಯಾನು ಓಣಿಯೊಳಗೆ ಬರಲ್ಲವಂತೆ. ತುದಿಯವರೆಗೂ ನಾಲ್ಕು ಜನ ಬೇಕು. ನಿಮ್ಮ ಮಾವನಿಗೆ ಸೊಂಟ ನೋವು. ಎದುರುಮನೆಯವನು ಒಬ್ಬ, ಇವರು ಮೂರು ಜನ ಅಂತ ನಾನು ಲೆಕ್ಕ ಹಾಕಿದ್ರೆ, ಅವನು ನೋಡು ಹೇಗೆ ಕೂಗ್ತಾ ಇದ್ದಾನೆ." ಆಮೇಲೆ ದನಿ ತಗ್ಗಿಸಿದಳು. "ನಿಜ ಹೇಳೇ. ಅಣ್ಣ ಹಾಗೆ ಮಾಡಿದ್ನಾ?"

ಅವಳು ಸೂಜಿಯನ್ನು ನೋಡಿದಳು. ಅವಳು ಮಾತಾಡದಿರುವುದು ಮನೆಯವರಿಗೆ ಹೊಸದೇನಲ್ಲ.

*

ಹನ್ನೊಂದು ವರ್ಷದ ಹಿಂದೆ ಅವಳಿಗೆ ಹದಿನಾಲ್ಕು. ಒಂದು ಸಂಜೆ ಅಪ್ಪ ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದ. ಒಂದು ಸಲ, ಎರಡು ಸಲ, ಏಳು ಸಲ. ದಾರದ ತುದಿ ಒದ್ದೆಯಾಗಿ ಒದ್ದೆಯಾಗಿ ಬಿಚ್ಚಿಕೊಂಡಿತು. ಅವಳು ಹೋಗಿ, ಸುಮ್ಮನೆ ಅವನ ಕೈಯಿಂದ ತೆಗೆದುಕೊಂಡು ಪೋಣಿಸಿಕೊಟ್ಟಳು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಮರುತಿಂಗಳು ಅವಳು ಶಾಲೆ ಬಿಟ್ಟಳು. ಓದು ತಲೆಗೆ ಹತ್ತಲಿಲ್ಲವಂತೆ ಎಂದರು ಜನ. ಅವಳೂ ಹೌದೆಂದು ತಲೆಯಾಡಿಸಿದಳು.

ಅಂಗಡಿಯಲ್ಲಿ ಗಿರಾಕಿಯ ಮೈಮೇಲೆ ಟೇಪು ಹಿಡಿಯುವುದು ಅಪ್ಪ. ಬಗ್ಗಿ ಅಂಕಿ ಓದುವುದು ಅವಳು. ಕತ್ತರಿ ಅವಳದು, ಹೊಲಿಗೆ ಅವನ ಬೆರಳಿನದು. ದಾರಿಯಲ್ಲಿ ಪಕ್ಕದಲ್ಲೇ ನಡೆಯುತ್ತಾ, ತುಟಿ ಅಲುಗದಂತೆ, ಅವನೊಬ್ಬನಿಗೇ ಕೇಳಿಸುವಂತೆ ಹೇಳುತ್ತಿದ್ದಳು: "ಮೆಟ್ಟಿಲು, ಎರಡು. ಎಡಕ್ಕೆ ಕಲ್ಲು. ಸೈಕಲ್ಲು." ಕಣ್ಣು ಒಂದೇ ದಿನ ಹೋಗಲಿಲ್ಲ. ಸಂಜೆಯ ಅಂಗಡಿಯಂತೆ ಒಂದೊಂದೇ ಹಲಗೆ ಮುಚ್ಚಿಕೊಳ್ಳುತ್ತಾ ಹೋಯಿತು. ಕೊನೆಗೆ ಹಗಲು ಯಾವುದು, ಇರುಳು ಯಾವುದು ಎಂಬಷ್ಟು ಉಳಿಯಿತು. ಹಳೆಯ ದಪ್ಪ ಕನ್ನಡಕ ಮಾತ್ರ ಮೂಗಿನ ಮೇಲಿಂದ ಇಳಿಯಲಿಲ್ಲ.

ಅವಳು ಶಾಲೆ ಬಿಟ್ಟ ವರ್ಷವೇ ಅಪ್ಪ ಹೊಸ ಇಸ್ಪೀಟ್ ಕಟ್ಟೊಂದನ್ನು ತಂದು ಅವಳ ಮುಂದಿಟ್ಟ.

"ನಿನ್ನ ಹತ್ರ ಇರೋದ್ರಲ್ಲಿ ಅತಿ ಸಣ್ಣ ಸೂಜಿ ತಗೋ."

ಎಷ್ಟು ಚುಕ್ಕೆ ಎಂಬುದು ಆಟೀನೋ ಕಳಾವರೋ ಎಂಬ ಬಣ್ಣ; ಅಂಚಿನಲ್ಲಿ ಎಷ್ಟು ಕೆಳಗೆ ಎಂಬುದು ಅಂಕಿ. ಚಿತ್ರದ ಕಡೆಯಿಂದ ಚುಚ್ಚಿದರೆ ಬೆನ್ನಿನ ಕಡೆ ಸಾಸಿವೆಗಿಂತ ಸಣ್ಣ ಉಬ್ಬು. ಐವತ್ತೆರಡು ಎಲೆ, ತಲೆಕೆಳಗಾದರೂ ತಿಳಿಯಲೆಂದು ಎರಡೆರಡು ಮೂಲೆ.

"ಇದು ಮೋಸ ಅಲ್ವಾ ಅಪ್ಪ?"

ಅಪ್ಪ ಒಂದು ಎಲೆಯ ಬೆನ್ನು ಸವರುತ್ತಾ ಕೂತಿದ್ದ. "ಯಾರಿಗೂ ಹೇಳಬೇಡ," ಎಂದನೇ ಹೊರತು ಅಲ್ಲ ಎನ್ನಲಿಲ್ಲ.

ತನ್ನ ಎಲೆ ಓದಲು ಅವನಿಗೆ ಚುಕ್ಕೆ ಬೇಕು, ಅದು ಅವಳಿಗೆ ಅರ್ಥವಾಗುತ್ತಿತ್ತು. ಆದರೆ ಸರದಿ ಬಂದಾಗ ಎಲೆ ಹಂಚಬೇಕಲ್ಲ? ಹಂಚುವವನ ಬೆರಳ ಕೆಳಗೆ ಐವತ್ತೆರಡೂ ಹಾದುಹೋಗುತ್ತವೆ. ಯಾರ ಕೈಗೆ ಏನು ಹೋಯಿತೆಂದು ಆ ಬೆರಳಿಗೆ ಗೊತ್ತಾಗದೆ ಇರುತ್ತದೆಯೆ? ಹದಿನಾಲ್ಕರ ಹುಡುಗಿಗೂ ತಿಳಿಯುವ ಮಾತು. ಒಂದು ಕಟ್ಟು ಸವೆದರೆ ಇನ್ನೊಂದಕ್ಕೆ ಚುಚ್ಚಿಕೊಡುತ್ತಾ ಹನ್ನೊಂದು ವರ್ಷ ಅವಳು ಆ ಪ್ರಶ್ನೆಯನ್ನು ನುಂಗಿಕೊಂಡಿದ್ದಳು. ಭಾನುವಾರ ಅಪ್ಪನನ್ನು ಗಡಿಯಾರದಂಗಡಿಗೆ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಕಾಜಾ ಹೊಲಿಯುತ್ತಾ ಕೂರುತ್ತಿದ್ದಳು. ಪರದೆಯ ಆಚೆಯಿಂದ ಕೂಗು ಕೇಳಿಸುತ್ತಿತ್ತು: "ಆಟೀನ್ ರಾಣಿ!" "ಕಳಾವರ್ ಒಂಬತ್ತು!" ಒಳಗೆ ಹೋಗಿ ನೋಡುವ ಧೈರ್ಯ ಎಂದೂ ಆಗಲಿಲ್ಲ.

*

ಅವಳು ಚಹಾದ ತಟ್ಟೆ ಹಿಡಿದು ಅಂಗಳಕ್ಕೆ ಬಂದಳು. ಸೂಜಿ ಸೆರಗಿನ ಅಂಚಿನಲ್ಲೇ ಚುಚ್ಚಿಕೊಂಡಿತ್ತು. ಸೆಕೆಂಡು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದ ಎಲೆಗಳಲ್ಲಿ ಒಂದನ್ನು ಬಿಸಿಲಿಗೆ ಹಿಡಿದಿದ್ದ.

"ನೋಡು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡು."

"ಸತ್ತವರ ಮನೇಲಿ ಇದೆಲ್ಲ ಬೇಕಾ?" ಎಂದ ಸ್ಟಾಂಪು.

"ನಿನಗೇನಪ್ಪ, ನೀನು ಅವನ ಜೋಡಿ. ಎಷ್ಟು ಲೋಟ ತೊಳೆದಿದ್ದೀಯ ನೀನು? ನನ್ನ ಕೈ ನೋಡು, ಸೋಪಿಗೆ ಸವೆದುಹೋಗಿದೆ."

ಬ್ರೇಕು ಬಂದ ನಗುವನ್ನು ಕೆಮ್ಮಾಗಿ ತಿರುಗಿಸಿದ.

"ನಗು, ನಗು. ಬಾಯಿಬಿಟ್ಟೇ ಹೇಳ್ತೀನಿ. ನಾನು ಅವನ ಎಲೆ ನೋಡ್ತಿದ್ದೆ."

"ಏನು?"

"ಅವನು ಎಲೆ ಹಿಡಿಯೋದು ನೋಡಿದ್ದೀರಲ್ಲ. ಹೊಟ್ಟೆ ಹತ್ರ, ಕೈ ಸಡಿಲ. ಪಕ್ಕದಲ್ಲಿ ಕೂತವನು ಸ್ವಲ್ಪ ವಾಲಿದ್ರೆ ಸಾಕು, ಹದಿಮೂರೂ ಕಾಣ್ತಿತ್ತು. ಪೂರ್ತಿ ನೋಡ್ಕೊಂಡು ಆಡಿ, ಆಮೇಲೂ ಸೋತಿದ್ದೀನಿ. ಅಂದ್ರೆ ಏನರ್ಥ?"

"ನಿನಗೆ ಆಡೋಕೆ ಬರಲ್ಲ ಅಂತ ಅರ್ಥ," ಎಂದ ಬ್ರೇಕು.

"ಥೂ ನಿನ್ನ!" ಸ್ಟಾಂಪು ಕುರ್ಚಿಯಿಂದ ಅರ್ಧ ಎದ್ದ. "ನೀನು ಇಣುಕಿ ನೋಡಿ, ಅವನನ್ನ ಕಳ್ಳ ಅಂತೀಯಾ?"

"ನೀನು ಸುಮ್ನಿರು ಮಹಾರಾಯ," ಬ್ರೇಕು ಅವನ ತೋಳು ಹಿಡಿದು ಕೂರಿಸಿದ. "ತುರುಫು ಬಂದ್ರೆ ಕಿವಿ ಕೆರ್ಕೋತಿದ್ದೆಯಲ್ಲ, ಅದು ನಮಗೆ ಗೊತ್ತಿಲ್ವಾ?"

ಸ್ಟಾಂಪುವಿನ ಮುಖ ಚಿಕ್ಕದಾಯಿತು. "ಕೆರ್ಕೊಂಡು ಏನು ಸುಖ? ಒಂದ್ಸಲಾನೂ ನನ್ನ ಕಡೆ ನೋಡಲಿಲ್ಲ ಅವನು. ಕಿವಿ ಗಾಯ ಆಯ್ತೇ ಹೊರತು ಅವನು ಮುಖ ಎತ್ತಲಿಲ್ಲ. ಶುದ್ಧ ಮನುಷ್ಯ, ಸನ್ನೆ ಗಿನ್ನೆ ಬೇಡ ಅಂತಾನೆ ಅಂದ್ಕೊಂಡಿದ್ದೆ."

ಅವಳು ಚಹಾದ ತಟ್ಟೆಯನ್ನು ಕೆಳಗಿಟ್ಟಳು. ಹನ್ನೊಂದು ವರ್ಷ ನುಂಗಿಕೊಂಡದ್ದು ತಾನಾಗಿಯೇ ಹೊರಗೆ ಬಂತು.

"ಮಾಮ, ಅಪ್ಪ ಎಲೆ ಹಂಚೋವಾಗ... ನಿಮಗೆ ಗೊತ್ತಾಗ್ತಿರ್ಲಿಲ್ವಾ?"

ಮೂವರೂ ತಿರುಗಿ ನೋಡಿದರು. ಆ ಹುಡುಗಿ ಇಷ್ಟುದ್ದ ಮಾತಾಡಿದ್ದನ್ನು ಅವರು ಕೇಳಿರಲೇ ಇಲ್ಲ.

"ಹಂಚೋದಾ?" ಎಂದ ಬ್ರೇಕು. "ಅವನು ಯಾವತ್ತಮ್ಮ ಹಂಚಿದ್ದಾನೆ? ಸರದಿ ಬಂದ್ರೆ ಕಟ್ಟನ್ನ ನನ್ನ ಕಡೆ ತಳ್ಳೋನು. ಕತ್ತರಿ ಹಿಡಿದು ಬೆರಳು ನೋಯ್ತಿದೆ ಅನ್ನೋನು."

"ಕತ್ತರಿ ಹಿಡೀತಿದ್ದದ್ದು ನಾನು," ಎಂದಳು ಅವಳು, ತನಗೆ ತಾನೇ ಎಂಬಂತೆ. ಆಮೇಲೆ ಕೇಳಿದಳು, "ಒಂದ್ಸಲಾನೂ ಹಂಚಲಿಲ್ವಾ?"

"ಒಂದ್ಸಲಾನೂ ಇಲ್ಲ. ಕಲೆಸೋದೂ ಇಲ್ಲ. ಎಲೆ ತಂದು ಮೇಜಿನ ಮೇಲೆ ಇಟ್ಟ ಮೇಲೆ, ತನ್ನ ಹದಿಮೂರು ಬಿಟ್ಟು ಇನ್ನೊಂದು ಮುಟ್ಟಿದವನಲ್ಲ. ಸೆಕೆಂಡೂ, ಹೌದೋ ಅಲ್ವೋ ಹೇಳು."

ಸೆಕೆಂಡು ಕರವಸ್ತ್ರದ ಗಂಟನ್ನು ನೋಡುತ್ತಾ, "ಹೌದು," ಎಂದ. "ಅದೇನೋ ಸೋಮಾರಿತನ. ಇನ್ನೊಂದು ಹುಚ್ಚೂ ಇತ್ತಲ್ಲ, ಎಲೆ ಹಾಕಿದ್ರೆ ಹೆಸರು ಕೂಗಬೇಕು ಅಂತ."

"ಎಲ್ಲರೂ ಹಾಗೇ ಅಲ್ವಾ ಆಡೋದು?" ಎಂದಳು ಅವಳು.

"ಎಲ್ಲಿ ಆಡ್ತಾರೆ ತಾಯಿ?" ಎಂದ ಸೆಕೆಂಡು. "ನಮ್ಮ ಮೇಜಲ್ಲಿ ಮಾತ್ರ. ಅವನೇ ತಂದ ಕಾನೂನು. ಕೂಗದೆ ಹಾಕಿದವನು ಒಂದು ಲೋಟ ಹೆಚ್ಚು ತೊಳೀಬೇಕು. ನನ್ನ ಗಂಟಲು ಹೋಗಿದ್ದೇ ಅದರಿಂದ."

ಅವಳು ಖಾಲಿ ಕುರ್ಚಿಯೊಂದರ ಬೆನ್ನು ಹಿಡಿದುಕೊಂಡಳು. ಪರದೆಯ ಆಚೆಗಿನ ಆ ಕೋಣೆ ಈಗ ಮೊದಲ ಬಾರಿಗೆ ಅವಳಿಗೆ ಕಾಣಿಸಿತು. ನಾಲ್ಕು ಜನ. ಒಬ್ಬ ಇಣುಕುತ್ತಾನೆ, ಒಬ್ಬ ಕಿವಿ ಕೆರೆದುಕೊಳ್ಳುತ್ತಾನೆ. ನಡುವೆ ಕತ್ತಲಲ್ಲಿ ಕೂತ ಅಪ್ಪ ಬಿದ್ದ ಎಲೆಗಳನ್ನೆಲ್ಲ ಮೂವರ ದನಿಯಲ್ಲಿ ಕೇಳಿ ಕೇಳಿ, ಯಾರ ಹತ್ತಿರ ಏನು ಉಳಿದಿದೆಯೆಂದು ತಲೆಯೊಳಗೇ ಹರಡಿಕೊಳ್ಳುತ್ತಾನೆ. ಸರದಿ ಬಂದಾಗ, ಐವತ್ತೆರಡನ್ನೂ ಓದಬಲ್ಲ ಆ ಬೆರಳು, ಕಟ್ಟನ್ನು ಮುಟ್ಟದೆ, ಅಂಗೈಯಿಂದ ಪಕ್ಕಕ್ಕೆ ತಳ್ಳಿಬಿಡುತ್ತದೆ. ಪ್ರತಿ ಭಾನುವಾರ. ಯಾಕೆಂದು ತಿಳಿದವರು ಯಾರೂ ಇಲ್ಲದ ಕಡೆ.

*

ಚಹಾ ಚೆಲ್ಲಿದ ಆ ಭಾನುವಾರ ಅಪ್ಪ ಪರದೆ ತಡವಿಕೊಂಡು ಹೊರಗೆ ಬಂದಿದ್ದ. ಬೆನ್ನ ಹಿಂದೆ "ಕಳ್ಳ!" ಎಂಬ ಕೂಗು. ಅವಳು ಮೊಣಕೈ ಹಿಡಿದುಕೊಂಡಳು. ಓಣಿಯ ತಿರುವು ದಾಟಿದ ಮೇಲೆ ಕೇಳಿದಳು.

"ಹೇಳಿಬಿಡ್ಲಾ ಅಪ್ಪ, ನಿನಗೆ ಕಣ್ಣು ಕಾಣಲ್ಲ ಅಂತ?"

"ಬೇಡ. ಹೇಳಿದ್ರೆ ನಾಳೆಯಿಂದ ಪಾಪ ಅಂತ ಸೋಲ್ತಾರೆ. ಬೇಕು ಅಂತಲೇ ತಪ್ಪು ಎಲೆ ಹಾಕ್ತಾರೆ. ಅದಕ್ಕಿಂತ ದೊಡ್ಡ ಮೋಸ ಇಲ್ಲ ಕಣೇ."

"ಅವರು ನಿನ್ನನ್ನ ಕಳ್ಳ ಅಂದ್ರು."

"ಕಳ್ಳ ಅಂದ್ರೆ, ಆಡೋಕೆ ಬರುತ್ತೆ ಅಂತ ಒಪ್ಪಿದ ಹಾಗಾಯ್ತಲ್ಲ." ಅಪ್ಪ ನಕ್ಕ, ನಗು ತುಟಿಯಿಂದ ಮೇಲೆ ಏರಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಹೇಳಿದ, "ಸೆಕೆಂಡು ನನ್ನ ಎಲೆ ಇಣುಕ್ತಾನೆ, ಗೊತ್ತಾ? ವಾಲಿದಾಗ ನಶ್ಯದ ವಾಸನೆ ಬರುತ್ತೆ. ನೋಡ್ಲಿ ಬಿಡು. ಇಬ್ಬರಲ್ಲಿ ಒಬ್ಬರಾದ್ರೂ ನೋಡ್ಬೇಕಲ್ಲ."

ಮನೆಯ ಮುಂದೆ ಬಂದಾಗ ಅವಳು, "ಮೆಟ್ಟಿಲು, ಮೂರು," ಎಂದಳು. ಆಮೇಲಿನ ಭಾನುವಾರಗಳಲ್ಲಿ ಅವನು ಆ ಮೆಟ್ಟಿಲು ಇಳಿಯಲಿಲ್ಲ.

*

ಇನ್ನು ಯಾರೂ ಅಪ್ಪನಿಗೋಸ್ಕರ ಸೋಲುವಂತಿಲ್ಲ ಎಂದುಕೊಂಡಳು ಅವಳು. ಸೆರಗಿನಿಂದ ಸೂಜಿ ಕಿತ್ತು ಅವರ ಮುಂದೆ ಹಿಡಿದಳು.

"ತೂತು ಹಾಕಿದ್ದು ನಾನು, ಮಾಮ. ಈ ಸೂಜೀಲಿ. ಅಪ್ಪನಿಗೆ ಕಣ್ಣು ಕಾಣ್ತಿರ್ಲಿಲ್ಲ."

ಮೂವರ ಕಣ್ಣೂ ಆ ಸೂಜಿಯ ತುದಿಗೆ ಬಂತು.

"ಮಬ್ಬಾಗೋಕೆ ಶುರುವಾಗಿ ಹನ್ನೊಂದು ವರ್ಷ. ಪೂರ್ತಿ ಹೋಗಿ ಆರು. ತನ್ನ ಹದಿಮೂರು ಓದೋಕೆ ಚುಕ್ಕೆ ಬೇಕಿತ್ತು. ಹಂಚಿದ್ರೆ ನಿಮ್ಮದನ್ನೂ ಬೆರಳು ಓದಿಬಿಡ್ತಿತ್ತು." ಸೂಜಿಯನ್ನು ಮತ್ತೆ ಸೆರಗಿಗೆ ಚುಚ್ಚಿಕೊಂಡಳು. "ಅದಕ್ಕೇ ಹಂಚಲಿಲ್ಲ. ನನಗೂ ಈಗಲೇ ಗೊತ್ತಾಗಿದ್ದು."

"ನನ್ನ ಮಗಳ ಮದುವೆಗೆ ಅವನು ಹೊಲಿದ ಕೋಟು..." ಎಂದ ಬ್ರೇಕು, ಅಷ್ಟಕ್ಕೇ ನಿಲ್ಲಿಸಿದ. ಸ್ಟಾಂಪು ತನ್ನ ಕಿವಿಯನ್ನು ಮುಟ್ಟಿಕೊಂಡು ಹಾಗೆಯೇ ಕೂತ.

ಸೆಕೆಂಡು ಕರವಸ್ತ್ರ ಬಿಚ್ಚಿ ಒಂದು ಎಲೆ ತೆಗೆದ. ಕಣ್ಣು ಮುಚ್ಚಿದ. ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಹಿಡಿದು ಕೂರಿಸುವ ಬೆರಳು ಅದು. ಆ ಬೀದಿಯಲ್ಲಿ ಅಂಥ ಬೆರಳು ಇನ್ನೊಂದಿರಲಿಲ್ಲ. ಎಲೆಯ ಬೆನ್ನಿನ ಅಂಚಿನಲ್ಲಿ ಅದು ಮೇಲೆ ಹೋಯಿತು, ಕೆಳಗೆ ಬಂತು, ನಿಂತಿತು, ಮತ್ತೆ ಮೇಲೆ ಹೋಯಿತು. ಹಣೆಯಲ್ಲಿ ಬೆವರು ಒಡೆಯಿತು. ಚಹಾದ ಮೇಲೆ ಕೆನೆ ಕಟ್ಟಿತು.

"ಎರಡು ಚುಕ್ಕೆ... ಇಲ್ಲ, ಮೂರು. ಇದು ಯಾವುದಮ್ಮ?"

"ಮೂರು ಅಂದ್ರೆ ಡೈಮನ್," ಎಂದಳು ಅವಳು.

"ಡೈಮನ್. ಕೆಳಗಿದೆ... ಏಳು?"

ಕಣ್ಣು ಬಿಟ್ಟ. ಕೈಯಲ್ಲಿದ್ದದ್ದು ಕಳಾವರ್ ರಾಜ. ಇನ್ನೊಂದು ತೆಗೆದ, ತಪ್ಪು. ಮತ್ತೊಂದು, ಅದೂ ತಪ್ಪು.

"ನಾನು ಒಂದು ಚಿಟಿಕೆ ನಶ್ಯ ಏರಿಸೋದ್ರೊಳಗೆ ಹದಿಮೂರೂ ಜೋಡಿಸ್ಕೊಂಡು, ‘ಏನ್ರೋ, ನಿದ್ದೆ ಬಂತಾ’ ಅನ್ನೋನು," ಎಂದ ಮೆಲ್ಲಗೆ. ಎಲೆಗಳನ್ನು ಒಂದೊಂದಾಗಿ ಅಂಚು ಹೊಂದಿಸಿ ಕಟ್ಟು ಮಾಡಿದ. ಮೊದಲ ಸಲ ಕಂಡವನಂತೆ ಆ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

ನಶ್ಯದ ವಾಸನೆಯ ಬಗ್ಗೆ ಅಪ್ಪ ಹೇಳಿದ್ದು ಅವಳ ನಾಲಿಗೆಯ ತುದಿಗೆ ಬಂತು. ಅವನ ಮುಖ ನೋಡಿ, ಅದನ್ನು ಒಳಗೇ ಇಟ್ಟುಕೊಂಡಳು.

ಓಣಿಯ ತುದಿಯಲ್ಲಿ ವ್ಯಾನಿನ ಹಾರ್ನು ಕೇಳಿಸಿತು. ಅತ್ತೆ ಒಳಗಿನಿಂದ ಕೂಗಿದಳು. ಅವಳು ಹೋಗಿ ಅಪ್ಪನಿಗೆ ಬಿಳಿ ಅಂಗಿ ತೊಡಿಸಿ, ಗುಂಡಿ ಹಾಕಿದಳು. ಸೆಕೆಂಡು ಬಂದು ಎಲೆಯ ಕಟ್ಟನ್ನು ಆ ಅಂಗಿಯ ಜೇಬಿನಲ್ಲಿ ಇಟ್ಟ. ಆಮೇಲೆ ಯಾರೂ ಕರೆಯುವ ಮೊದಲೇ ಹೋಗಿ, ಮುಂದಿನ ಬಲಗಡೆ, ತಲೆಯ ಹತ್ತಿರ ಹೆಗಲು ಕೊಟ್ಟ.

ನಾಲ್ವರೂ ಎತ್ತಿಕೊಂಡು ಬಾಗಿಲು ದಾಟಿದರು. ಹೊಸ್ತಿಲ ಆಚೆ ಸೆಕೆಂಡು ಥಟ್ಟನೆ ನಿಂತ. ಭಾರವಾಯಿತೇನೋ ಎಂದು ಬ್ರೇಕು ಹಿಂದಿನಿಂದ, "ಬದಲಾಯಿಸ್ಲಾ?" ಎಂದು ಕೇಳಿದ.

ಸೆಕೆಂಡು ಕತ್ತು ವಾಲಿಸಿ, ಬಾಯಿಯನ್ನು ಅಪ್ಪನ ಕಿವಿಯ ಹತ್ತಿರ ತಂದ.

"ಟೇಪೂ, ಮೆಟ್ಟಿಲು ಕಣೋ. ಮೂರು."

ಕಾಲು ಕೆಳಗಿಟ್ಟ. "ಒಂದು," ಎಂದ, ಎಲೆ ಹಾಕುವಾಗ ಕೂಗುತ್ತಿದ್ದಷ್ಟೇ ಜೋರಾಗಿ. "ಎರಡು." ಅಂಗಳದಲ್ಲಿದ್ದವರೆಲ್ಲ ತಿರುಗಿದರು. "ಮೂರು. ಇಳಿದ್ವಿ."

ಹಿಂದೆ ಬರುತ್ತಿದ್ದ ಅವಳ ತುಟಿಗಳು ಅಭ್ಯಾಸಬಲದಿಂದ ತೆರೆದು ಮುಚ್ಚಿದವು. ಮುಂದೆ, ಓಣಿಯುದ್ದಕ್ಕೂ, ಕಿಟಕಿ ಬಾಗಿಲುಗಳಲ್ಲಿ ನಿಂತವರಿಗೆಲ್ಲ ಕೇಳಿಸುವಂತೆ ಆ ಒಡೆದ ಗಂಟಲು ಕೂಗುತ್ತಾ ಹೋಗುತ್ತಿತ್ತು: "ಎಡಕ್ಕೆ ಕಲ್ಲು... ಇಲ್ಲಿ ನೀರು ನಿಂತಿದೆ... ಸೈಕಲ್ಲು, ಸೈಕಲ್ಲು..."