ಬರೀ ಗಂಟಿನ ದಿನ

ಮೂರನೆಯ ಏಟಿಗೆ ಮನ್ಸೂರನ ಬಾಯಿಂದ ಒಂದು ಹಲ್ಲು ಹಾರಿ ಹಳ್ಳದ ಉಸುಕಿನಲ್ಲಿ ಬಿತ್ತು. ಹೊಡೆದವನು ಕೂಲಿಗಳ ಮುಕಾದಮ ನಾಗಲಿಂಗಪ್ಪ. ಎತ್ತಿಗೆ ಬೀಸುವ ಬಾರಕೋಲನ್ನು ತಿರುವಿ ಹಿಡಿದು ದಪ್ಪನೆಯ ತುದಿಯಿಂದ ಹೊಡೆಯುತ್ತಿದ್ದ. ಮನ್ಸೂರನ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದವನು ಥಾವರೆಪ್ಪ. ಏಟಿಗಿಂತ ಅದೇ ಹೆಚ್ಚು ನೋಯುತ್ತಿತ್ತು. ಮುಂಡಗೋಡದ ಕಡೆಯ ತಾಂಡಾದಿಂದ ಕೂಲಿಗೆ ಬಂದಿದ್ದ ಥಾವರೆಪ್ಪ ದಾಂಡೇಲಿಯಲ್ಲಿ ಮನ್ಸೂರನಿಗಿದ್ದ ಒಬ್ಬನೇ ಗೆಳೆಯ.

"ಮಳಿ ಎಲ್ಲೈತಿ ತೋರಸಲೇ ಸಾಬಾ," ಎಂದ ನಾಗಲಿಂಗಪ್ಪ. "ಮ್ಯಾಲ ನಿಮ್ಮಪ್ಪ ನಳಾ ಹಾಕ್ಸ್ಯಾನೇನು, ನೀ ತಿರುವಿದಾಗ ಬರಾಕ?"

ನಲವತ್ತು ಜನ ಕೂಲಿಗಳು ನಕ್ಕರು. ಬೆಳಿಗ್ಗೆ ಇದೇ ಜನ, ಮಳೆಯಾಗಿ ನೀರು ನುಗ್ಗುತ್ತದೆಂಬ ಮನ್ಸೂರನ ಮಾತು ನಂಬಿ ಹಳ್ಳಕ್ಕೆ ಇಳಿಯದೆ ದಂಡೆಯ ಮೇಲೆ ಕೂತಿದ್ದರು. ಸಂಜೆಯವರೆಗೂ ಮಳೆಯಿಲ್ಲ, ಹಳ್ಳಕ್ಕೆ ಹನಿ ನೀರಿಲ್ಲ. ದಿನದ ಕೂಲಿ ಹೋಯಿತು. ಇನ್ನು ನಗದೆ, ಹೊಡೆಯದೆ ಬಿಟ್ಟಾರೆಯೆ?

"ಇನ್ನೊಮ್ಮೆ ಈ ಹಳ್ಳದ ಕಡೆ ಬಂದಿ, ಕಾಲು ಮುರದ ಕೈಯಾಗ ಕೊಡ್ತೇನಿ," ಎಂದು ನಾಗಲಿಂಗಪ್ಪ ಕೊನೆಯ ಏಟು ಹಾಕಿ ಬಾರಕೋಲು ಎಸೆದ. ಥಾವರೆಪ್ಪ ಕೈ ಬಿಟ್ಟ. ಮುಖ ನೋಡಲಿಲ್ಲ.

ಅದು ೧೯೪೨ರ ಮೇ ತಿಂಗಳು. ಯುದ್ಧದ ಗಡಿಬಿಡಿ. ರೈಲಿನ ಹಳಿಗಳ ಕೆಳಗೆ ಹಾಸುವ ಸ್ಲೀಪರುಗಳಿಗಾಗಿ ಕಾಡಿನ ಸಾಗುವಾನಿಯೆಲ್ಲ ಉರುಳುತ್ತಿತ್ತು. ಬೇಸಿಗೆಯಲ್ಲಿ ಒಣಗಿದ ಹಳ್ಳವೇ ದಿಮ್ಮಿ ಎಳೆಯುವ ದಾರಿ. ಎರಡೂ ಕಡೆ ಎರಡಾಳು ಎತ್ತರದ ದಂಡೆ. ಒಮ್ಮೆ ಇಳಿದರೆ ಓಡಿ ಹತ್ತಲು ಒಂದೇ ಇಳಿಜಾರು. ಎರಡು ವರ್ಷದ ಹಿಂದೆ ಇಲ್ಲಿ ರಣಬಿಸಿಲು ಸುಡುತ್ತಿರುವಾಗಲೇ ಜೊಯಿಡಾದ ಕಡೆ ಸುರಿದ ಮಳೆ ಈ ಹಳ್ಳಕ್ಕೆ ನುಗ್ಗಿ ಏಳು ಜನರನ್ನು ಒಯ್ದಿತ್ತು. ಅವರಲ್ಲಿ ಒಬ್ಬ ಮನ್ಸೂರನ ತಮ್ಮ ಶೌಕತ. ಹೆಣ ಸಿಕ್ಕಾಗ ಅಂಗಿಯ ಗುಂಡಿಯಿಂದ ಗುರುತು ಹಿಡಿಯಬೇಕಾಯಿತು, ಮುಖ ಇರಲಿಲ್ಲ.

ಅಂದಿನಿಂದ ಮನ್ಸೂರನಿಗೆ ಮಳೆಯ ಮೇಲೆ ಹಗೆ. ಗರಗಸದ ಮಿಲ್ಲಿನಲ್ಲಿ ಅವನು ಫಿಟ್ಟರ್. ಯಂತ್ರ ಕೆಟ್ಟರೆ ಕಾರಣ ಇದ್ದೇ ಇರುತ್ತದೆ ಎಂದು ನಂಬಿದವನು. ಮಳೆಗೂ ಕಾರಣ ಇರಬೇಕಲ್ಲ! ಮೂರು ಘಾಸಲೇಟ ಎಣ್ಣೆಯ ಡಬ್ಬಿ ಕತ್ತರಿಸಿ ಒಂದನ್ನು ಜೊಯಿಡಾದ ಫಾರೆಸ್ಟ್ ಗಾರ್ಡ್ ಅಡಿವೆಯ್ಯನ ಅಂಗಳದಲ್ಲಿ, ಇನ್ನೊಂದನ್ನು ಮೂಡಣ ಬಯಲ ಕಡೆಯ ಸಾಂಬ್ರಾಣಿ ಊರಿನ ಮುದುಕಿ ಶಂಕ್ರವ್ವನ ಅಂಗಳದಲ್ಲಿ ಇಟ್ಟ. ಮೂರನೆಯದು ಇಲ್ಲೇ ಹಳ್ಳದ ದಂಡೆಯ ಮೇಲೆ, ಕೂಲಿಗಳ ಗುಡಿಸಲ ಪಕ್ಕ. ಅದನ್ನು ನೋಡಿಕೊಳ್ಳುವವಳು ಥಾವರೆಪ್ಪನ ಹೆಂಡತಿ ಗಂಗಿಬಾಯಿ. ಮುಂಜಾನೆ ಡಬ್ಬಿಗೆ ಕಡ್ಡಿ ಇಳಿಸಬೇಕು, ಕಡ್ಡಿ ಒದ್ದೆಯಾದಷ್ಟು ಉದ್ದ ದಾರ ಕತ್ತರಿಸಬೇಕು, ತುದಿಗೊಂದು ಗಂಟು ಹಾಕಬೇಕು. ಮಳೆ ಬಾರದ ದಿನ ಉದ್ದವಿಲ್ಲ, ಬರೀ ಗಂಟು. ಸಾಂಬ್ರಾಣಿಯ ಕೆಂಪು ದಾರ ಹಾಲಿನ ಉಳವಪ್ಪನ ಸೈಕಲ್ಲಿನಲ್ಲಿ, ಜೊಯಿಡಾದ ಕಪ್ಪು ದಾರ ಟಪಾಲಿನ ಗಾಡಿಯಲ್ಲಿ ಬರುತ್ತಿದ್ದವು. ಎಲ್ಲವನ್ನೂ ಅವನು ಒಂದು ವಹಿಯಲ್ಲಿ ಅಂಟಿಸಿ, ಪಕ್ಕದಲ್ಲಿ ಆ ದಿನ ಮಿಲ್ಲಿನ ಚಿಮಣಿಯ ಹೊಗೆ ಎತ್ತ ಬಾಗಿತ್ತು, ಹಳ್ಳಕ್ಕೆ ಕೆಂಪು ನೀರು ಎಷ್ಟು ಗಂಟೆಗೆ ಬಂತು ಎಂದು ಬರೆಯುತ್ತಿದ್ದ.

ಆ ವಹಿ ನೋಡಿಯೇ, ಸಾಂಬ್ರಾಣಿ ನೆನೆದರೆ ಅದೇ ಮಧ್ಯಾಹ್ನ ಜೊಯಿಡಾ ಸುರಿಯುತ್ತದೆ ಎಂದು ಅವನು ಲೆಕ್ಕ ಹಾಕಿದ್ದು. ಏಟು ತಿಂದ ಶುಕ್ರವಾರ ಮುಂಜಾನೆ ಕೆಂಪು ದಾರ ಎರಡು ಬೆರಳು ಉದ್ದ ಬಂದಿತ್ತು. ಹಾಗೆಂದೇ ಕೂಲಿಗಳನ್ನು ತಡೆದಿದ್ದ.

ರವಿವಾರ ಬಾತ ಮುಖ ಹೊತ್ತು ಸೈಕಲ್ ತುಳಿದು ಸಾಂಬ್ರಾಣಿಗೆ ಹೋದ.

"ಆಯಿ, ಶುಕ್ರಾರ ಇಲ್ಲಿ ಮಳಿ ಬಂದಿತ್ತೇನು?"

"ಎಲ್ಲೀ ಮಳಿ ನನ್ನಪ್ಪಾ? ಒಂದ ಹನಿ ಬಿದ್ದಿಲ್ಲ. ಬಾಯಿಗೇನಾತು?"

"ಮತ್ತ ದಾರ ಎರಡು ಬೆರಳು ಕಳಿಸೀದಿ?"

"ಡಬ್ಯಾಗ ಅಷ್ಟು ನೀರಿತ್ತು, ಅಷ್ಟು ಕತ್ತರಿಸೀನಿ. ನೀನಾ ಹೇಳೀದಿ, ಇದ್ದಷ್ಟು ಅಳಿ ಅಂತ."

"ಮಳಿ ಇಲ್ಲದ ನೀರು ಎಲ್ಲಿಂದ ಬಂತು?"

"ನಾ ಹಾಕೀನಿ." ಶಂಕ್ರವ್ವ ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು. "ಮಂಗಳಾರ, ಶುಕ್ರಾರ ಮುಂಜಾನೆ ಖಾಲಿ ಡಬ್ಬಿ ಅಂಗಳದಾಗ ಬಾಯಿ ತಕ್ಕೊಂಡು ಕುಂತ್ರ ಮನಿಗೆ ಚೊಲೋ ಏನು? ಒಂದು ತಂಬಿಗಿ ಹಾಕಿ, ಕೈ ಮುಗದು, ಆಮ್ಯಾಲೆ ಕಡ್ಡಿ ಇಡ್ತೇನಿ."

ಮನ್ಸೂರ ಡಬ್ಬಿಯನ್ನು ಕಿತ್ತು ಒರಳಿಗೆ ಅಪ್ಪಳಿಸಿದ. ಕೋಳಿಗಳು ಚೆಲ್ಲಾಪಿಲ್ಲಿಯಾದವು. ನಜ್ಜುಗುಜ್ಜಾದ ತಗಡನ್ನು ಎತ್ತಿ ಮುದುಕಿಯ ತಲೆಯ ಮೇಲೆ ಹಿಡಿದ. ಅವಳು ಕದಲಲಿಲ್ಲ.

"ಹೊಡಿ. ಹೊಡಿಸಿಕೊಂಡು ಬಂದಾಂವಗ ಯಾರನ್ನರ ಹೊಡ್ಯಾಕ ಬೇಕಲಾ."

ಅವನ ಕೈ ಇಳಿಯಿತು. ಶಂಕ್ರವ್ವ ಅಗಿಯಲಾರದ ಆ ಬಾಯಿಗೆಂದು ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ತಂದಿಟ್ಟಳು. ಅವನು ಒಂದು ಕೈಯಲ್ಲಿ ತಿನ್ನುತ್ತ, ಇನ್ನೊಂದು ಕೈಯಲ್ಲಿ ವಹಿ ಬಿಡಿಸಿ, ಮಂಗಳವಾರ ಶುಕ್ರವಾರಗಳ ಕೆಂಪು ದಾರಗಳನ್ನು ಒಂದೊಂದೇ ಕಿತ್ತ. ಉಳಿದದ್ದನ್ನು ನೋಡಿ ತುತ್ತು ಬಾಯಲ್ಲೇ ನಿಂತಿತು.

ಹಳ್ಳಕ್ಕೆ ಹಠಾತ್ತನೆ ನೀರು ಬಂದ ಪ್ರತಿ ದಿನವೂ ಕೆಂಪು ದಾರ ಬರೀ ಗಂಟು. ನೆನೆದಾಗಲ್ಲ, ಸಾಂಬ್ರಾಣಿ ಒಣಗಿದಾಗ ಜೊಯಿಡಾ ಸುರಿಯುತ್ತಿತ್ತು! ಅದೂ ಎಲ್ಲ ಒಣ ದಿನಗಳಲ್ಲಲ್ಲ. ಹಿಂದಿನ ದಿನ ಜೊಯಿಡಾ ತುಸು ನೆನೆದಿದ್ದು, ಬೆಳಿಗ್ಗೆ ಹತ್ತಕ್ಕೆ ಹೊಗೆ ಪಡುವಣಕ್ಕೆ ಬಾಗಿ, ಮಧ್ಯಾಹ್ನ ಕಂಬದಂತೆ ನೆಟ್ಟಗೆ ನಿಂತ ದಿನಗಳಲ್ಲಿ. ಮೂಡಣ ಬಯಲಿನ ಒಣಗಾಳಿಯೂ ಪಡುವಣ ಕಡಲಿನ ಹಸಿಗಾಳಿಯೂ ಜೊಯಿಡಾದ ಗುಡ್ಡದ ಮೇಲೆ ಎರಡು ಟಗರಿನಂತೆ ಹಣೆ ಕೊಟ್ಟು ನಿಂತಾಗ, ಮೋಡಕ್ಕೆ ಮುಂದೆ ಹೋಗಲು ದಾರಿಯಿಲ್ಲ. ಅಲ್ಲೇ ಬೆಳೆದು ಅಲ್ಲೇ ಒಡೆಯುತ್ತದೆ. ಹೊಗೆ ನಿಂತ ಎರಡೂವರೆ ತಾಸಿಗೆ ನೀರು ಹಳ್ಳದಲ್ಲಿ. ಶೌಕತ ಸತ್ತ ದಿನವೂ ಹೊಗೆ ಹಾಗೇ ನಿಂತಿತ್ತು. ಆಗ ಅದನ್ನು ಚೆಂದ ಎಂದುಕೊಂಡು ನೋಡಿದ್ದ.

ಸಾಂಬ್ರಾಣಿ ಬಿಡುವ ಮುಂಚೆ ಡಬ್ಬಿಯನ್ನು ಬಡಿದು ನೆಟ್ಟಗೆ ಮಾಡಿ ಅಂಗಳದಲ್ಲೇ ಇಟ್ಟು ಬಂದಿದ್ದ. ಬುಧವಾರ ಕೆಂಪು ದಾರ ಬರೀ ಗಂಟು ಬಂತು. ಕಪ್ಪು ದಾರ ಒಂದು ಬೆರಳು. ಹತ್ತಕ್ಕೆ ಹೊಗೆ ಪಡುವಣಕ್ಕೆ ಬಾಗಿತು. ಹನ್ನೆರಡೂವರೆಗೆ ನೆಟ್ಟಗಾಯಿತು. ಮನ್ಸೂರ ಸಾಣೆ ಹಿಡಿಯುತ್ತಿದ್ದ ಗರಗಸ ಬಿಟ್ಟು ಓಡಿದ.

ಹಳ್ಳದಲ್ಲಿ ನಲವತ್ತು ಜನ, ಎಂಟು ಜೋಡಿ ಎತ್ತು. ಮೇಲೆ ಒಂದು ತುಣುಕು ಮೋಡವಿಲ್ಲ.

"ಥಾವರ್ಯಾ, ಎಲ್ಲಾರನ್ನೂ ಮ್ಯಾಲ ಹತ್ತಿಸು! ಮೂರು ಗಂಟೆಕ್ಕ ನೀರು ಬರ್ತೈತಿ!"

"ಶುಕ್ರಾರನೂ ಹಿಂಗಾ ಅಂದಿದ್ದಿ," ಎಂದ ಥಾವರೆಪ್ಪ, ಸರಪಳಿ ಬಿಗಿಯುತ್ತ.

"ಶುಕ್ರಾರದ್ದು ಮಳಿ ಅಲ್ಲೋ, ಮುದುಕಿ ಹಾಕಿದ ತಂಬಿಗಿ ನೀರು!"

ಹಳ್ಳವೆಲ್ಲ ಗೊಳ್ಳೆಂದಿತು. "ಇವತ್ತ ಯಾವ ಮುದುಕಿ ಉಚ್ಚಿ ಹೊಯ್ದಾಳ?" ಎಂದು ಯಾರೋ ಕೂಗಿದರು. ನಾಗಲಿಂಗಪ್ಪ ಒಂದು ಕಲ್ಲೆತ್ತಿ ಬೀಸಿದ. ಅದು ಮನ್ಸೂರನ ಹುಬ್ಬು ಸೀಳಿತು. ಎರಡನೆಯದು ಪಕ್ಕೆಗೆ ಬಿತ್ತು. ಗಂಗಿಬಾಯಿ ಹಗ್ಗ ಹಿಡಿದು ನಿಂತಲ್ಲಿಂದಲೇ ಕೂಗಿದಳು: "ಹೋಗೋ ಅಣ್ಣಾ, ಕೊಂದ ಹಾಕ್ತಾರ!"

ಅವನು ಇಳಿಜಾರು ಹತ್ತಿ ಗುಡಿಸಲುಗಳ ಮುಂದೆ ಕೂತ. ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಹನ್ನೊಂದು ಗುಡಿಸಲು, ಒಣ ಹುಲ್ಲಿನ ಮಾಡು. ಅವುಗಳೊಳಗೆ ಇವರ ಪಾತ್ರೆ, ಜೋಳ, ಕನ್ನಡಿ ಹೊಲಿದ ಲಂಗ, ಇದ್ದದ್ದೆಲ್ಲ. ಮಾತಿಗೆ ಹತ್ತದವರು ಯಾವುದಕ್ಕೆ ಹತ್ತಿ ಬರುತ್ತಾರೆ ಎಂದು ಅವನಿಗೆ ತಿಳಿಯಿತು. ಬೇಗ ಬೆಂಕಿ ಹಚ್ಚುವಂತೆಯೂ ಇಲ್ಲ. ಆರಿಸಿ ಮತ್ತೆ ಇಳಿದುಬಿಡುತ್ತಾರೆ. ಮಿಲ್ಲಿನ ಎರಡೂವರೆಯ ಭೋಂಗಾ ಕೂಗುವವರೆಗೂ ಕಡ್ಡಿಪೆಟ್ಟಿಗೆ ಮುಷ್ಟಿಯಲ್ಲಿ ಹಿಡಿದು ಕೂತ.

ಆಮೇಲೆ ಒಂದೊಂದೇ ಗುಡಿಸಲಿಗೆ ಹೊಕ್ಕು ನೋಡಿದ. ಗಂಗಿಬಾಯಿಯ ಗುಡಿಸಲಲ್ಲಿ ಸೀರೆಯ ಜೋಲಿಯೊಳಗೆ ಎಂಟು ತಿಂಗಳ ಫೂಲಿ ಮಲಗಿತ್ತು. ಎತ್ತಿ, ಬೆಂಕಿ ತಾಗದಷ್ಟು ದೂರದ ಮತ್ತಿ ಮರದ ಕೆಳಗೆ ಮಲಗಿಸಿ ಬಂದ. ಉಳಿದ ಗುಡಿಸಲು ಖಾಲಿ. ಕಡ್ಡಿ ಗೀರಿದ.

ಹುಲ್ಲು ಭಗ್ಗೆಂದಿತು. ಎರಡನೆಯದು, ಮೂರನೆಯದು ತಾವಾಗಿಯೇ ಹೊತ್ತಿಕೊಂಡವು. ಕೆಳಗೆ ಮೊದಲು ಕಿರುಚಿದವಳು ಗಂಗಿಬಾಯಿ.

"ಫೂಲೀ! ನನ್ನ ಫೂಲೀ!"

ನಲವತ್ತು ಜನ ಇಳಿಜಾರು ಹತ್ತಿ ಬಂದರು. ಅವನನ್ನು ದಾಟಿ ಬೆಂಕಿಗೆ ನುಗ್ಗಿದವರು ಕೆಲವರು, ಅವನಿಗೇ ನುಗ್ಗಿದವರು ಹೆಚ್ಚು. ಕಾಲು, ಮುಷ್ಟಿ, ಸೌದೆ. ಪಕ್ಕೆಲುಬು ಮುರಿದ ಸದ್ದು ಅವನಿಗೇ ಕೇಳಿಸಿತು. "ಮರದ ಕೆಳಗ... ಕೂಸು ಮರದ ಕೆಳಗ..." ಎನ್ನುತ್ತಿದ್ದ, ಬಾಯಲ್ಲಿ ರಕ್ತ, ಯಾರಿಗೂ ತಿಳಿಯಲಿಲ್ಲ. ಥಾವರೆಪ್ಪ ಕೊಡಲಿಯ ಕಾವು ಎತ್ತಿದ. ಮನ್ಸೂರ ತಲೆಗೆ ಬಲಗೈ ಅಡ್ಡ ಕೊಟ್ಟ. ಮಣಿಕಟ್ಟು ಲಟಕ್ಕೆಂದಿತು.

ನಾಗಲಿಂಗಪ್ಪ ಮೇಲೆ ಹತ್ತಿ ಬಂದಿರಲಿಲ್ಲ. ಗುಡಿಸಲು ಅವನವಲ್ಲ, ದಿಮ್ಮಿ ಅವನ ಜವಾಬ್ದಾರಿ. ಕೆಳಗಿನಿಂದಲೇ ಕೂಗುತ್ತಿದ್ದ: "ಬಿಡಬ್ಯಾಡ್ರಿ ಅವನ್ನ! ಬೆಂಕ್ಯಾಗ ಒಗೀರಿ!"

ನಾಲ್ಕು ಜನ ಕೈಕಾಲು ಹಿಡಿದು ಎತ್ತಿದರು. ಬೆಂಕಿಯ ಝಳ ಮುಖಕ್ಕೆ ತಾಗಿತು. ಆಗ ಎತ್ತುಗಳು ಕೂಗಿದವು. ಅಂಥ ಕೂಗು ಯಾರೂ ಕೇಳಿರಲಿಲ್ಲ. ಹಿಡಿದವರ ಕೈ ಸಡಿಲಿತು.

ಮೇಲಿನ ತಿರುವಿನಲ್ಲಿ ಮರ ಮುರಿಯುವ ಸದ್ದು, ತಣ್ಣನೆಯ ಗಾಳಿ, ಹಸಿ ಮಣ್ಣಿನ ನಾತ. ಹಿಂದೆಯೇ ದಂಡೆಯಿಂದ ದಂಡೆಗೆ ಕೆಂಪು ಗೋಡೆಯಂಥ ನೀರು, ಅದರ ತಲೆಯ ಮೇಲೆ ಬುಡಸಮೇತ ಕಿತ್ತು ಬಂದ ಮರಗಳು. ನಾಗಲಿಂಗಪ್ಪ ಸರಪಳಿ ಬಿಟ್ಟು ಇಳಿಜಾರಿಗೆ ಓಡಿದ. ನಾಲ್ಕು ಹೆಜ್ಜೆ ಉಳಿದಿತ್ತು. ಒಂದು ದಿಮ್ಮಿ ಎದ್ದು ನಿಂತು ಅವನ ಮೇಲೆ ಬಿತ್ತು. ಕೈಯೊಂದು ಕಂಡಿತು, ಆಮೇಲೆ ಅದೂ ಕಾಣಲಿಲ್ಲ. ನೊಗಕ್ಕೆ ಕಟ್ಟಿದ ಎತ್ತುಗಳು ಜೋಡಿಜೋಡಿಯಾಗಿಯೇ ಉರುಳಿ ಹೋದವು.

ಬೆನ್ನ ಹಿಂದೆ ಗುಡಿಸಲು ಉರಿಯುತ್ತಲೇ ಇದ್ದವು. ಮೇಲೆ ಬಿಸಿಲು ಹಾಗೇ ಇತ್ತು.

ಥಾವರೆಪ್ಪ ಕೊಡಲಿಕಾವು ಕೆಳಗೆ ಹಾಕಿ ಮನ್ಸೂರನ ಪಕ್ಕ ಕುಸಿದ. "ಕೈ ಮುರದೆನಲ್ಲೋ," ಎಂದ. ಆಮೇಲೆ ಅದನ್ನೇ ಮತ್ತೆ ಮತ್ತೆ ಅಂದ.

ಗಂಗಿಬಾಯಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಮರದ ಕಡೆಯಿಂದ ಬಂದಳು. ಬಂದವಳೇ ಮನ್ಸೂರನ ಕೆನ್ನೆಗೆ ಬಾರಿಸಿದಳು. "ನಮ್ಮವ್ವ ಹೊಲಿದ ಲಂಗಾ ಸುಟ್ಟೆಲ್ಲೋ ಭಾಡ್ಯಾ!" ಎಂದಳು. ಬಿಕ್ಕುತ್ತ ಅತ್ತ ಹೋದಳು. ಬೆಂಕಿ ಆರಿಸಲೆಂದು ತಂದಿದ್ದ ಕೊಡದಿಂದ ಕೈಗೆ ಸಿಕ್ಕ ಡಬ್ಬಿಯಲ್ಲಿ ನೀರು ಬಗ್ಗಿಸಿಕೊಂಡು ಬಂದು ಅವನ ತಲೆ ಎತ್ತಿ ಕುಡಿಸಿದಳು.

ಅದು ಮಳೆಯ ಡಬ್ಬಿ. ಮನ್ಸೂರ ಅದರ ಅಂಚು ನೋಡಿ ಗುರುತು ಹಿಡಿದ. ಒಡೆದ ತುಟಿಗೆ ತಗಡು ಉರಿಯಿತು. ಕುಡಿದು ಮುಗಿಸಿ ಎಡಗೈಯಿಂದ ಥಾವರೆಪ್ಪನ ತೋಳು ಹಿಡಿದ.

"ದಾರ ಐತೇನು?"

ಥಾವರೆಪ್ಪ ಕಿಡಿ ಹಾರಿ ಸುಟ್ಟ ತನ್ನ ಧೋತರದ ಅಂಚಿನಿಂದ ಒಂದು ಎಳೆ ಕಿತ್ತ. ಡಬ್ಬಿಯ ತಳದಲ್ಲಿ ಉಳಿದಿದ್ದ ನೀರಿಗೆ ಅದನ್ನು ಇಳಿಸಲು ಹೋದ.

"ಅದನ್ನ ಅಳೀಬ್ಯಾಡ," ಎಂದ ಮನ್ಸೂರ. "ಅದು ಗಂಗಕ್ಕ ಹಾಕಿದ್ದು. ಇಲ್ಲಿ ಇವತ್ತ ಮಳಿ ಬಂದಿಲ್ಲ. ಬರೀ ಗಂಟು ಹಾಕು."

ಥಾವರೆಪ್ಪ ಹಾಕಿದ ಗಂಟು ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಗಂಟು ಕೂತಿತು.